ಅತ್ತೆ, ನಾನು ಮತ್ತು ಗೇರಿನ ದೀಪ

ಮೊನ್ನೆ ಮಧುಗಿರಿ ಪೇಟೆಯಲ್ಲಿ ಮಿಕ್ಸಿ ಕೊಳ್ಳಲು ಹೋಗಿದ್ದೆ. ಅಂಗಡಿಯವರು ಹೊಸ ಮಾಡಲ್ ಒಂದನ್ನು ಮುಂದಿಟ್ಟು, "ಮೇಡಂ, ಇದ್ರಲ್ಲಿ ಲೋಡ್ ಜಾಸ್ತಿ ಆದ್ರೆ ದೀಪ ಹತ್ಕಂಡು ವಾರ್ನಿಂಗ್ ಕೊಡ್ತದೆ" ಎಂದು ಹೆಮ್ಮೆಯಿಂದ ಹೇಳಿದರು. "ದೀಪ ಇಲ್ಲದ್ದು ಕೊಡಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಕೆಡೋದಾದ್ರೆ ಸುಮ್ನೆ ಕೆಟ್ಟುಹೋಗ್ಲಿ. ಮೊದಲೇ ಹೇಳಿ ಹೆದರಿಸೋದು ಬೇಡ" ಎಂದು ವಿವರಿಸಿದೆ. ಏನೆಂದುಕೊಂಡರೋ, ಹಿಂದಿನ ಕಪಾಟಿನಿಂದ ಹಳೇ ಮಾಡಲ್ ತೆಗೆದು ಧೂಳು ಒರೆಸಿ ಕೊಟ್ಟರು. ನಿಮಗೂ ಇದು ತಿಕ್ಕಲುತನ ಅನ್ನಿಸಬಹುದು. ಆದರೆ ನಮ್ಮ ಕಾರಿನ ದೀಪದ ಜೊತೆ ಒಂದು ಚಳಿಗಾಲ ಕಳೆದಿದ್ದರೆ ನೀವೂ ಹೀಗೇ ಮಾಡುತ್ತಿದ್ದಿರಿ.

ಕಾರು ಎಂದರೆ ದೊಡ್ಡದೇನಲ್ಲ. ತುಮಕೂರಿನ ಡಾಕ್ಟರೊಬ್ಬರ ಮನೆಯಲ್ಲಿ ಓಡಿ ದಣಿದಿದ್ದ ಪುಟ್ಟ ಆಟೋಮ್ಯಾಟಿಕ್ ಕಾರು. ಕ್ಲಚ್ ಪೆಡಲ್ ಇಲ್ಲ, ಎಡಗಾಲಿಗೆ ಪೂರ್ತಿ ರಜೆ. ಗೇರಿನ ಕೋಲನ್ನು ಡಿ ಎಂಬಲ್ಲಿಗೆ ಎಳೆದುಬಿಟ್ಟರೆ ಒಂದು, ಎರಡು, ಮೂರು ಅಂತ ಗೇರುಗಳನ್ನು ಅದೇ ಹಾಕಿಕೊಂಡು ಹೋಗುತ್ತದೆ. ನಮ್ಮವರು ತೀರಿಕೊಂಡ ಮೇಲೆ ಕೊಂಡದ್ದು. ನಾನು ಕೊಡಿಗೇನಹಳ್ಳಿಯ ಶಾಲೆಯಲ್ಲಿ ಟೀಚರು. ಆ ದಾರಿಯಲ್ಲಿ ಹೋಗುವ ಹಿಂದೂಪುರದ ಬಸ್ಸುಗಳು ಮಧುಗಿರಿ ಬಿಡುವ ಹೊತ್ತಿಗೇ ಬಾಗಿಲವರೆಗೆ ತುಂಬಿರುತ್ತವೆ. ನೇತಾಡಿಕೊಂಡು ಹೋಗುವ ವಯಸ್ಸು ನನ್ನದಲ್ಲ. ಪಕ್ಕದ ಮನೆಯಲ್ಲೇ ಇರುವ ಮೈದುನ ನಾಗರಾಜು ಮಾತ್ರ ಒಪ್ಪಲಿಲ್ಲ. "ಯಾಕತ್ತಿಗೆ ಇದೆಲ್ಲ? ಎಲ್ಲಿಗೋಗ್ಬೇಕು ಯೋಳಿ, ನಾನು ಬಿಟ್ಟು ಬತ್ತೀನಿ" ಎಂದ. ಒಳಗೆ ಅವರೇಕಾಯಿ ಸುಲಿಯುತ್ತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: "ಬಿಟ್ಟು ಬರಾಕೆ ನಾವೇನು ಹಾಲಿನ ಕ್ಯಾನಾ? ತಗಳ್ಳಿ ಸುಮ್ಕಿರ್ಲಾ."

ಹೀಗೆ ಕಾರು ಬಂತು. ಲೈಸೆನ್ಸೂ ಬಂತು, ಅದು ಹೇಗೆ ಬಂತು ಎಂದು ಕೇಳಬೇಡಿ. ಆದರೆ ನಾನು ಓಡಿಸುವಾಗ ಪಕ್ಕದಲ್ಲಿ ಕೂರಲು ಒಬ್ಬರೂ ಸಿದ್ಧರಿರಲಿಲ್ಲ. ನಾಗರಾಜು ಒಮ್ಮೆ ಕೂತವನು ಕೋಟೆ ಬೀದಿಯ ತಿರುವಿನಲ್ಲೇ ಇಳಿದು ನಡೆದುಕೊಂಡು ಮನೆಗೆ ಹೋದ. ಕೊನೆಗೆ ಸೀರೆಯ ಸೆರಗು ಬಿಗಿದುಕೊಂಡು ಕೂತವರು ಅತ್ತೆ. "ಎಡಗಡೆ ನಾನು ನೋಡ್ಕತೀನಿ, ಬಲಗಡೆ ನೀನು ನೋಡ್ಕ" ಎಂದು ರಸ್ತೆಯನ್ನು ನಮ್ಮಿಬ್ಬರಿಗೂ ಪಾಲು ಮಾಡಿಕೊಟ್ಟರು. ಅವತ್ತಿನಿಂದ ಎಡಗಡೆಯ ಸಕಲ ಜವಾಬ್ದಾರಿ ಅವರದು. "ಕಂಬ." "ಮೋರಿ." "ಎಮ್ಮೆ, ಎಮ್ಮೆ... ಅಲ್ಲ, ನಮ್ ಸಾಕಮ್ಮ, ಹೋಗು." ಎಡಗಡೆಗೂ ಒಂದು ಕನ್ನಡಿ ಇದೆ, ಅದನ್ನು ನೋಡಬೇಕು ಎಂಬುದನ್ನು ನಾನು ಕಲಿಯಲೇ ಇಲ್ಲ.

ಭಾನುವಾರ ಬಂತೆಂದರೆ ಇಬ್ಬರೂ ಹೊರಟುಬಿಡುತ್ತಿದ್ದೆವು. ಒಂದು ವಾರ ಸಿದ್ದರಬೆಟ್ಟ, ಇನ್ನೊಂದು ವಾರ ಪಾವಗಡ, ಮತ್ತೊಂದು ವಾರ ಎಲ್ಲಿಗೂ ಅಲ್ಲ. ಹೊಲಗಳ ನಡುವೆ ಒಂದಷ್ಟು ದೂರ ಹೋಗಿ, ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ, ತಂದ ಚಿತ್ರಾನ್ನ ತಿಂದು ಬರುವುದು. ಮದುವೆಯಾಗಿ ಬಂದ ಮೇಲೆ ಅತ್ತೆ ಮಧುಗಿರಿ ದಾಟಿದ್ದು ಯಾರದೋ ಬಾಣಂತನಕ್ಕೆ, ಯಾರದೋ ಸಾವಿಗೆ, ಯಾರದೋ ಮದುವೆಗೆ. ಸುಮ್ಮನೆ ಹೋಗುವುದು ಎಂಬುದೊಂದಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ನನಗೂ ಅಷ್ಟೆ, ಸತ್ಯ ಹೇಳಬೇಕೆಂದರೆ. ನಮ್ಮವರು ಹೋದ ಮೇಲೆ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತರೆ ಮಾತೇ ಹೊರಡುತ್ತಿರಲಿಲ್ಲ. ಕಾರಿನಲ್ಲಿ ಇಬ್ಬರೂ ಮುಂದೆ ನೋಡುತ್ತ ಕೂರುವುದರಿಂದಲೋ ಏನೋ, ಮಾತು ತಾನಾಗಿ ಬರುತ್ತಿತ್ತು.

ಇಂಥ ಕಾರಿಗೆ ಪೂಜೆ ಇಲ್ಲದಿದ್ದರೆ ಆದೀತೇ? ಶುಕ್ರವಾರ ಬೆಳಿಗ್ಗೆ ದೇವರಮನೆಯ ಕೆಲಸ ಮುಗಿಸಿ ಅತ್ತೆ ತಟ್ಟೆ ಹಿಡಿದು ನೇರ ಕಾರಿಗೆ ಬರುತ್ತಿದ್ದರು. ಬಾನೆಟ್ಟಿಗೆ ವಿಭೂತಿ, ಚಕ್ರಗಳಿಗೆ ಅರಿಶಿನ. ಸ್ಟೇರಿಂಗಿಗೆ ಹೆಸರಿಗೊಂದು ಬೊಟ್ಟು. ಮುಖ್ಯ ಪೂಜೆ ಮಾತ್ರ ಗೇರಿನ ಕೋಲಿಗೆ. ಅವರ ತರ್ಕ ಸರಳ: "ಸ್ಟೇರಿಂಗು ಸುಮ್ನೆ ತಿರುಗ್ತದೆ. ನೀನು ಈ ಕೋಲು ಎಳೆದ ಮ್ಯಾಲೆ ತಾನೆ ಗಾಡಿ ಹೊರಡಾದು? ಓಡ್ಸೋನು ಇವ್ನೇ ಕಣಮ್ಮ." ಹಾಗಾಗಿ ಆ ಕೋಲಿಗೆ ಅರಿಶಿನ, ಕುಂಕುಮ, ಅಕ್ಷತೆ, ಸೇವಂತಿಗೆ ಎಸಳು, ಮೇಲೊಂದು ಚಿಮುಕು ಎಳನೀರು. ಊದಿನಕಡ್ಡಿ ಸಿಕ್ಕಿಸಲು ಜಾಗ ಬೇಕಲ್ಲ, ಕೋಲು ಓಡಾಡುವ ಸೀಳಿನ ತುದಿಯಲ್ಲೇ ಸಿಕ್ಕಿಸುತ್ತಿದ್ದರು. ದಸರಾದ ಆಯುಧಪೂಜೆಗಂತೂ ಪಂಚಾಮೃತವೇ ಆಯಿತು. ನಾನು ಕಾರು ಹತ್ತಿದರೆ ದೇವಸ್ಥಾನದ ಗರ್ಭಗುಡಿಯಲ್ಲಿ ಕೂತ ವಾಸನೆ. ಚೆನ್ನಾಗಿಯೇ ಇತ್ತು.

ದೀಪ ಮೊದಲು ಹತ್ತಿದ್ದು ಆ ದಸರಾ ಕಳೆದ ಮೇಲೆ, ಸಿದ್ದರಬೆಟ್ಟದಿಂದ ವಾಪಸು ಬರುವಾಗ. ಕೊರಟಗೆರೆ ದಾಟಿದ್ದೆವು. ಅತ್ತೆ ಕಡ್ಲೆಪುರಿ ತಿನ್ನುತ್ತ, ಬೆಟ್ಟದಲ್ಲಿ ಸಿಕ್ಕ ಹೆಂಗಸೊಬ್ಬಳು ತಮಗೆ ಯಾವ ಕಡೆಯಿಂದ ನೆಂಟಳಾಗಬೇಕು ಎಂದು ಹುಡುಕುತ್ತಿದ್ದರು. ಕಾರು ಟಿಣ್ ಎಂದಿತು. ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ: ಹಲ್ಲಿನ ಚಕ್ರ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಇಷ್ಟು ವರ್ಷ ಆ ಚಿಹ್ನೆಯನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಅದನ್ನು ನೋಡಿ ಹೆದರಿದ್ದು ಅದೇ ಮೊದಲು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಕಾರು ಮಾತ್ರ ತನ್ನ ಪಾಡಿಗೆ ಉರುಳಿ ನಿಧಾನವಾಗುತ್ತದೆ. ಕೋಲು ಡಿಯಲ್ಲೇ ಇದೆ. ಎದುರಿನ ಪರದೆ ಮಾತ್ರ ಎನ್ ಎಂದು ತೋರಿಸುತ್ತಿದೆ. ಎನ್ ಎಂದರೆ ನ್ಯೂಟ್ರಲ್, ಗೇರೇ ಇಲ್ಲ.

ಹೇಗೋ ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಅತ್ತೆ ಗಾಬರಿಯಾಗಲಿಲ್ಲ. ಸೆರಗಿನ ಗಂಟಿನಿಂದ ಬೆಟ್ಟದ ವಿಭೂತಿ ತೆಗೆದು ಕೋಲಿನ ಬುಡಕ್ಕೆ ಧಾರಾಳವಾಗಿ ಉದುರಿಸಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದೆ. ದೀಪ ಇಲ್ಲ. ಕಾರು ಏನೂ ಆಗದಂತೆ ಹೊರಟಿತು. "ನೋಡ್ದಾ" ಎಂದರು ಅತ್ತೆ. ನೋಡಿದೆ ಎಂದೆ. ನಾನು ಪಾಠ ಮಾಡುವುದು ವಿಜ್ಞಾನ ಎಂಬುದನ್ನು ಇಲ್ಲಿ ಹೇಳದಿದ್ದರೆ ಚೆನ್ನಾಗಿತ್ತು.

ನಾನು ಚಿಕ್ಕವಳಿದ್ದಾಗ ಇಂಥ ದೀಪಗಳ ಕಾಟವೇ ಇರಲಿಲ್ಲ. ನನ್ನ ತವರು ಪಾವಗಡದ ಕಡೆ. ಅಲ್ಲಿಂದ ಮಧುಗಿರಿಗೆ ಬರುತ್ತಿದ್ದ ಪ್ರೈವೇಟ್ ಬಸ್ಸಿನಲ್ಲಿ ಡ್ರೈವರನ ಮುಂದೆ ಇದ್ದ ಮೀಟರಿನ ಮುಳ್ಳುಗಳೆಲ್ಲ ಯಾವ ಕಾಲದಲ್ಲೋ ಸತ್ತುಹೋಗಿದ್ದವು. ಗೇರಿನ ಕೋಲು ನಮ್ಮ ತಾತನ ಊರುಗೋಲಿಗಿಂತ ಉದ್ದ. ಸೀಟು ಸಿಗದ ಮಕ್ಕಳನ್ನೆಲ್ಲ ಇಂಜಿನ್ನಿನ ಬಾನೆಟ್ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಡ್ರೈವರು ಗೇರು ಬದಲಿಸುವಾಗಲೆಲ್ಲ ನಮ್ಮ ಮೊಣಕಾಲು ತಟ್ಟುತ್ತಿದ್ದ, ನಾವು ಸರಿದು ದಾರಿ ಬಿಡುತ್ತಿದ್ದೆವು. ಏರು ಬಂದಾಗ ತಿರುಗಿ ಕೇಳುತ್ತಿದ್ದ: "ಏಂ ಪಿಲ್ಲಲೂ, ಕಾಲ್ತಾಂದಾ?" ಸುಡುತ್ತಿದೆಯಾ ಎಂದು, ಆ ಕಡೆಯ ತೆಲುಗಿನಲ್ಲಿ. ಇಲ್ಲ ಎಂದರೆ ಬಸ್ಸು ಮುಂದೆ ಹೋಗುತ್ತಿತ್ತು. ಎಲ್ಲರೂ ಒಟ್ಟಿಗೆ ಚೀರಿ ಎದ್ದು ನಿಂತೆವು ಅಂದರೆ ನಿಲ್ಲಿಸಿ, ರೇಡಿಯೇಟರಿಗೆ ಕೊಡದಿಂದ ನೀರು ಹೊಯ್ಯುತ್ತಿದ್ದ. ಅಂದರೆ ಆ ಬಸ್ಸಿನ ವಾರ್ನಿಂಗ್ ಲೈಟು ನಾವೇ. ಕೆಲಸ ನಿಷ್ಠೆಯಿಂದ ಮಾಡಿದ್ದೇವೆ, ಫ್ರಾಕಿನ ಹಿಂಭಾಗ ನೋಡಿ ಅಮ್ಮ ಬೈಯುತ್ತಿದ್ದಳು.

ಈಗಿನ ದೀಪಕ್ಕೆ ಆ ಬುದ್ಧಿ ಇಲ್ಲ. ಏನು ನೋವು, ಎಲ್ಲಿ ನೋವು ಎಂದು ಹೇಳದೆ ಬರೀ ನರಳುತ್ತದೆ. ವಾರಕ್ಕೊಮ್ಮೆ ಹತ್ತುತ್ತಿದ್ದದ್ದು ಎರಡು ದಿನಕ್ಕೊಮ್ಮೆ ಆಯಿತು. ಪಾವಗಡದ ಹತ್ತಿರದ ಬಲಸಮುದ್ರದಿಂದ ನೆಂಟ ಚಿನ್ನಪ್ಪ ಬಂದಿದ್ದ. ಸೋಲಾರ್ ಪಾರ್ಕಿನಲ್ಲಿ ಕೆಲಸ, ಕರೆಂಟು ದೀಪ ಎಂದರೆ ತನಗೇ ಗೊತ್ತು ಎನ್ನುವವನು. ಕಾರಿನ ಒಳಗೆ ತಲೆ ಹಾಕಿ ನೋಡಿ, "ಏಮೀ ಕಾದು ವದಿನಾ, ಏನೂ ಆಗಾಕಿಲ್ಲ. ಇಂಜಿನ್ ಸಬ್ದ ಬಾಗೈತಲ್ಲ, ಇಂಕೇಮಿ ಬೇಕು? ದೀಪದ ಮ್ಯಾಲೆ ಒಂದ್ ಕರೀ ಟೇಪು ಅಂಟಿಸ್ಬುಡಿ" ಎಂದ. ಹೇಳಿದ್ದಷ್ಟೇ ಅಲ್ಲ, ಜೇಬಿನಿಂದ ಟೇಪು ತೆಗೆದು ಅಂಟಿಸಿಯೇ ಹೋದ. ಮರುದಿನ ಕಾರು ಕೊಡಿಗೇನಹಳ್ಳಿ ದಾರಿಯಲ್ಲಿ ನಿಂತಾಗ ದೀಪ ಹತ್ತಿದೆಯೋ ಇಲ್ಲವೋ ನೋಡಲು ಉಗುರಿನಿಂದ ಆ ಟೇಪು ಕೆರೆಯುತ್ತ ಕೂತೆ. ಫೋನಿನಲ್ಲಿ ವಿಡಿಯೋಗಳನ್ನೂ ನೋಡಿದೆ. ಒಬ್ಬ ಗೇರಿನ ಎಣ್ಣೆ ಎಂದ, ಇನ್ನೊಬ್ಬ ಬ್ಯಾಟರಿ ಎಂದ, ಮೂರನೆಯವನು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಎಂದ.

ಅತ್ತೆಗೆ ಈ ಯಾವುದರಲ್ಲೂ ನಂಬಿಕೆ ಇರಲಿಲ್ಲ. ಅವರ ಪ್ರಕಾರ ಕಾರಿಗೆ ದೃಷ್ಟಿಯಾಗಿತ್ತು. "ಇಬ್ರು ಹೆಂಗಸ್ರು ಮುಂದಿನ ಸೀಟ್ನಾಗೆ ಕುಂತ್ಕಂಡು ಊರೂರು ಸುತ್ತಿದ್ರೆ ನೋಡೋರ ಕಣ್ಣು ಸುಮ್ಕಿರ್ತದಾ?" ಅದಕ್ಕೆ ಔಷಧಿ ಅವರ ಕೈಯಲ್ಲೇ ಇತ್ತು. ಶುಕ್ರವಾರದ ಪೂಜೆಗೆ ಮಂಗಳವಾರ ಸೇರಿತು, ಆಮೇಲೆ ದಿನಾ ಆಯಿತು. ದೀಪ ಹತ್ತಿದಷ್ಟೂ ಕುಂಕುಮ ಜಾಸ್ತಿ. ಕುಂಕುಮ ಜಾಸ್ತಿಯಾದಷ್ಟೂ ದೀಪ ಹತ್ತುವುದು ಜಾಸ್ತಿ. ಈಗ ಬರೆಯುವಾಗ ಇದು ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ ನೋಡಿ. ಆಗ ಮಾತ್ರ ದಿನಾ ಬೆಳಿಗ್ಗೆ ನಾನೇ ತಟ್ಟೆ ಹಿಡಿದು ನಿಂತಿರುತ್ತಿದ್ದೆ.

ಕೊನೆಗೆ ನಾಗರಾಜು ತೀರ್ಪು ಕೊಟ್ಟ. "ಅತ್ತಿಗೆ, ಗೇರ್‌ಬಾಕ್ಸ್ ಹೋಗೈತೆ. ಅದುನ್ನ ಬದಲಾಯ್ಸೋ ದುಡ್ಡಿಗೆ ಇನ್ನೊಂದು ಗಾಡೀನೇ ಬತ್ತದೆ. ಸಂಕ್ರಾಂತಿ ಕಳೀಲಿ, ಕೊಟ್ಬುಡಾನ. ಗಿರಾಕಿ ಐತೆ." ಅವನು ಕೆಟ್ಟವನಲ್ಲ. ದಾರಿಯಲ್ಲಿ ಎಲ್ಲಾದರೂ ನಿಂತುಬಿಟ್ಟರೆ ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಆದರೆ ಅವನು ಹೋದ ಮೇಲೆ ಅತ್ತೆ ಜಗಲಿಯಲ್ಲೇ ಕೂತು, "ಇನ್ನು ಮನೇನೇ ಅನ್ನು" ಎಂದರು. ಕಾರು ಹೋದರೆ ನಾನು ಬಸ್ಸಿನಲ್ಲಿ ಶಾಲೆಗೆ ಹೋಗಿ ಬರಬಹುದು, ಅದು ದೊಡ್ಡದಲ್ಲ. ನಮ್ಮಿಬ್ಬರ ಭಾನುವಾರ ಹೋಗಿಬಿಡುತ್ತದೆ. ಮತ್ತೆ ಎದುರುಬದುರು ಕೂತು, ಗೋಡೆಯ ಮೇಲಿನ ಫೋಟೋ ನೋಡುವುದು. ಅದನ್ನು ನೆನೆದು ನನಗೆ ಅಳು ಬಂತು, ಅತ್ತೆಗೆ ಕಾಣದಂತೆ ಬಚ್ಚಲಿಗೆ ಹೋಗಿ ಅತ್ತು ಬಂದೆ.

ಮಾರುವ ಮೊದಲು ಒಂದು ಸಲ ಶಿರಾದಲ್ಲಿ ತೋರಿಸೋಣ ಎಂದುಕೊಂಡೆ. ಅಲ್ಲಿ ನಯಾಜ್ ಭಾಯ್ ಎಂಬವರ ಗ್ಯಾರೇಜಿದೆ; ಆಟೋಮ್ಯಾಟಿಕ್ ಗಾಡಿಗಳಿಗೆ ಕಂಪ್ಯೂಟರ್ ಹಾಕಿ ನೋಡುತ್ತಾರೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಶನಿವಾರ ಮಧ್ಯಾಹ್ನ ನಾವಿಬ್ಬರೂ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಕೋಲಿನ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದರು, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಟ್ಟಂತೆ. ಎರಡು ಕಡೆ ನಿಂತು, ಪೂಜೆ ಮಾಡಿ, ಅಂತೂ ತಲುಪಿದೆವು.

ನಯಾಜ್ ಭಾಯ್ ಅಂದರೆ ಮಾತಿನ ಮನುಷ್ಯ. ಇಂಜಿನ್ ಆನ್ ಮಾಡಿಸಿ ಕಣ್ಣು ಮುಚ್ಚಿ ಕೇಳಿದರು. "ದೇಖೋ ಮೇಡಂ, ಕಂಪ್ಯೂಟರ್ ಗಿಂಪ್ಯೂಟರ್ ಎಲ್ಲ ಬೇಕಾಗಿಲ್ಲ, ಕಿವಿ ಸಾಕು. ಗೇರ್‌ಬಾಕ್ಸ್ ಖತಂ" ಎಂದರು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. "ಆದ್ರೂ ಹಾಕಿ ನೋಡಿ ಭಾಯ್" ಎಂದೆ. ಅವರು ಒಲ್ಲದ ಮನಸ್ಸಿನಿಂದ ಸ್ಟೇರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಕೈಯಲ್ಲಿದ್ದ ಪುಟ್ಟ ಪರದೆ ನೋಡಿದರು. ಮತ್ತೆ ನೋಡಿದರು. ವೈರು ತೆಗೆದು ಇನ್ನೊಮ್ಮೆ ಸಿಕ್ಕಿಸಿದರು. "ಇದಕ್ಕೆ ತಲೆ ಕೆಟ್ಟಿದೆ. ಗೇರ್‌ಬಾಕ್ಸ್ ಸರಿ ಇದೆ ಅಂತದೆ. ಕೋಲಿನ ಸೆನ್ಸರ್ ಅಂತದೆ" ಎಂದರು.

ಕೋಲು ಎಲ್ಲಿ ನಿಂತಿದೆ ಎಂದು ಕಂಪ್ಯೂಟರಿಗೆ ಹೇಳುವ ಒಂದು ಸಣ್ಣ ಸಾಧನ ಅದರ ಬುಡದಲ್ಲಿ ಇರುತ್ತದಂತೆ. ಅದು ತಪ್ಪು ಹೇಳಿದರೆ ಕಾರು ಯಾವ ಗೇರು ಹಾಕಬೇಕೆಂದು ತಿಳಿಯದೆ ಕೈಚೆಲ್ಲುತ್ತದೆ. ನಯಾಜ್ ಭಾಯ್ ಸ್ಕ್ರೂ ಬಿಚ್ಚಿ, ಕೋಲಿನ ಸುತ್ತಲಿನ ಕಪ್ಪು ಪೆಟ್ಟಿಗೆಯನ್ನು ಮೇಲೆತ್ತಿದರು. ಎತ್ತಿದವರು ಹಾಗೇ ನಿಂತರು.

ಒಳಗೆ ಒಂದು ದೇವರಮನೆಯೇ ಇತ್ತು. ಅರಿಶಿನ, ಕುಂಕುಮ, ವಿಭೂತಿ ಎಲ್ಲ ಎಳನೀರು ಪಂಚಾಮೃತದಲ್ಲಿ ಕಲಸಿ ಗಟ್ಟಿಯಾಗಿ ಕೂತಿದ್ದವು. ಅದರ ಮೇಲೆ ಅಕ್ಕಿ ಕಾಳು, ಬಾಡಿದ ಎಸಳು, ಊದಿನಕಡ್ಡಿಯ ತುಂಡುಗಳ ಒಂದು ಸಣ್ಣ ಸೌದೆ ರಾಶಿ. ಬೂದಿಯಂತೂ ಕೇಳಬೇಡಿ. ಇರುವೆಗಳು ಜೇನು ಸಕ್ಕರೆಯ ಕಡೆಗೆ ದಾರಿ ಮಾಡಿಕೊಂಡಿದ್ದವು. ಆ ಬಡಪಾಯಿ ಸೆನ್ಸರ್ ಈ ಎಲ್ಲದರ ಕೆಳಗೆ ಎಲ್ಲೋ ಇತ್ತು. ನನಗೆ ಮೊದಲು ಬಂದದ್ದು ನಗು. ಗೇರ್‌ಬಾಕ್ಸ್ ಉಳಿಯಿತು, ಕಾರು ಉಳಿಯಿತು ಎಂಬ ಖುಷಿಗೆ ಜೋರಾಗಿಯೇ ನಕ್ಕುಬಿಟ್ಟೆ. ತಿರುಗಿ ನೋಡಿದರೆ ಅತ್ತೆ ನಗುತ್ತಿರಲಿಲ್ಲ. "ಅದು ನಂದು" ಎಂದರು ಸಣ್ಣ ದನಿಯಲ್ಲಿ.

ನಯಾಜ್ ಭಾಯ್ ಒಳಗಿಂದ ಹೊಸ ಬಿಳಿ ಬಟ್ಟೆ ತಂದು, ಎಲ್ಲವನ್ನೂ ಅದರ ಮೇಲೆ ಕೆರೆದು ತೆಗೆದು ಗಂಟು ಕಟ್ಟಿದರು. "ದೇವರದು ಅಮ್ಮಾ, ಕಸಕ್ಕೆ ಹಾಕಕ್ಕಾಗಲ್ಲ. ಹೊಳೆಗೋ ಗಿಡಕ್ಕೋ ಹಾಕಿ" ಎಂದು ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟರು. ಸೆನ್ಸರ್ ಒರೆಸಿ ಮತ್ತೆ ಕೂರಿಸಿದಾಗ ದೀಪ ಆರಿತ್ತು. "ನಾನು ಹೇಳಿರ್ನಿಲ್ವಾ, ಗೇರ್‌ಬಾಕ್ಸ್ ಗಟ್ಟಿ ಇದೆ ಅಂತ" ಎಂದರು ನನಗೆ.

ವಾಪಸು ಬರುವಾಗ ಕಾರು ಬೆಣ್ಣೆಯಂತೆ ಓಡಿತು. ಅತ್ತೆ ಮಾತ್ರ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಅದನ್ನೇ ನೋಡುತ್ತ ಕೂತಿದ್ದರು. ಎಡಗಡೆಯಿಂದ ಕಂಬ ಇಲ್ಲ, ಮೋರಿ ಇಲ್ಲ, ಎಮ್ಮೆ ಇಲ್ಲ. ಒಂದು ತಿರುವಿನಲ್ಲಿ ಸ್ಕೂಟರಿನವನೊಬ್ಬನಿಗೆ ಇನ್ನೇನು ತಗುಲಿಬಿಡುತ್ತಿದ್ದೆ, ಅವನು ಬೈದುಕೊಂಡು ಹೋದ. ಅತ್ತೆ ಆಗಲೂ ತಲೆ ಎತ್ತಲಿಲ್ಲ. ಮನೆಯಲ್ಲಿ ನಾಗರಾಜು ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವ್ವಾ, ಕಾರು ಕೆಡ್ಸಿದ್ದು ನೀನೇನಾ?" ಎಂದ. ಕಾರು ಮಾರುವ ಮಾತು ಅಲ್ಲಿಗೆ ಮುಗಿಯಿತು. ಆದರೆ ಮರುದಿನ ಭಾನುವಾರ ಅತ್ತೆ ಹೊರಡಲಿಲ್ಲ. ತಲೆನೋವು ಎಂದರು. ಅದರ ಮುಂದಿನ ಭಾನುವಾರ ಹುರುಳಿ ಆರಿಸುವುದಿದೆ ಎಂದರು. ಶುಕ್ರವಾರದ ತಟ್ಟೆ ದೇವರಮನೆ ದಾಟಿ ಬರಲೇ ಇಲ್ಲ. ಕಾರು ಇತ್ತು, ದೀಪ ಆರಿತ್ತು, ನಾವಿಬ್ಬರೂ ಎದುರುಬದುರು ಕೂತಿದ್ದೆವು.

ಮೂರನೆಯ ಭಾನುವಾರ ನಾನು ಸ್ನಾನ ಮಾಡಿ, ಚಿತ್ರಾನ್ನ ಕಟ್ಟಿ, ಕಾರಿನಲ್ಲಿ ಹೋಗಿ ಕೂತೆ. ಅತ್ತೆ ಜಗಲಿಯ ಮೇಲೆ ಇದ್ದರು. ಕಿಟಕಿಯ ಗಾಜು ಇಳಿಸಿ, "ಬನ್ನಿ ಅತ್ತೆ" ಎಂದೆ.

"ನೀನೇ ಹೋಗ್ಬಾ. ನನ್ ಕೈ ಸರಿ ಇಲ್ಲ ಬುಡು."

"ಎಡಗಡೆ ಯಾರು ನೋಡ್ತಾರೆ?"

"ಕನ್ನಡಿ ಐತಲ್ಲ."

"ಕನ್ನಡಿ ಮಾತಾಡಲ್ಲ ಅತ್ತೆ. ನೀವು ಬರ್ದಿದ್ರೆ ನಾನೂ ಎಲ್ಲಿಗೂ ಹೋಗಲ್ಲ. ನಾಗರಾಜಂಗೆ ಹೇಳಿ, ಇವತ್ತೇ ಮಾರಿಬಿಡಲಿ." ಅದು ಬೆದರಿಕೆಯಾಗಿರಲಿಲ್ಲ. ಈ ಮುದುಕಿ ಪಕ್ಕದಲ್ಲಿ ಇಲ್ಲದೆ ನನಗೆ ಕಾರು ಯಾತಕ್ಕೆ?

"ಮಗನ್ನ ಉಳಿಸ್ಕಣಾಕೆ ಆಗ್ಲಿಲ್ಲ ನನ್ ಕೈಲಿ. ಈ ಗಾಡಿನಾದ್ರೂ ಉಳಿಸ್ಕಣಾನ, ಇದ್ರಾಗೆ ಹೋಗೋ ನೀನು ಚೆನ್ನಾಗಿರ್ಲಿ ಅಂತ ಮಾಡ್ದೆ ಕಣಮ್ಮ. ನೋಡಿದ್ರೆ ಅದುನ್ನೂ ಕೆಡಿಸ್ತಾ ಕುಂತಿದ್ದೆ" ಎಂದರು ಅತ್ತೆ. ನಾನು ಇಳಿದು ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರ ಕೈ ಹಿಡಿದುಕೊಂಡೆ, ಅಷ್ಟೆ. ಬೀದಿಯಲ್ಲಿ ಹೋಗುವವರು ನೋಡಿಕೊಂಡು ಹೋದರು.

ಆಮೇಲೆ ಅತ್ತೆ ಎದ್ದು ಒಳಗೆ ಹೋದರು. ಬೇರೆ ಸೀರೆ ಉಟ್ಟು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ಬಂದು ತಮ್ಮ ಸೀಟಿನಲ್ಲಿ ಕೂತರು. ನಾನು ಸ್ಟೇರಿಂಗ್ ಹಿಡಿದು ಕಾದೆ. ಅಭ್ಯಾಸಬಲದಿಂದ ಅವರ ಬೆರಳು ಬಟ್ಟಲಿಗೆ ಹೋಯಿತು, ಗೇರಿನ ಕೋಲಿನ ಹತ್ತಿರ ಬಂತು, ಅಲ್ಲೇ ನಿಂತಿತು. ಅವರು ಆ ಸೀಳನ್ನು ನೋಡಿದರು, ನನ್ನ ಕಡೆ ನೋಡಿದರು.

"ಇಲ್ಲಿ ಬಾ" ಎಂದು ನನ್ನ ಗಲ್ಲ ಹಿಡಿದು ತಿರುಗಿಸಿ, ಹಣೆಗೆ ಒತ್ತಿ ಕುಂಕುಮ ಇಟ್ಟರು. "ಇಲ್ಲಿಕ್ಕಿದ್ರೆ ಒಳಿಕ್ಕೆ ಬೀಳಲ್ಲ. ಹೊಂಡು."

ನಮ್ಮವರು ಹೋದ ದಿನದಿಂದ ನನಗೆ ಯಾರೂ ಕುಂಕುಮ ಇಟ್ಟಿರಲಿಲ್ಲ. ಶಾಲೆಗೆ ಹೋಗುವಾಗ ಒಂದು ಕಪ್ಪು ಸ್ಟಿಕ್ಕರ್, ಅಷ್ಟೆ. ಅರಿಶಿನ ಕುಂಕುಮಕ್ಕೆ ಕರೆಯುವವರು ನಮ್ಮ ಮನೆಯ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ಅದನ್ನೆಲ್ಲ ಅತ್ತೆ ನೋಡಿಕೊಂಡೇ ಬಂದವರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಸೀಟ್ ಬೆಲ್ಟ್ ಎಳೆದುಕೊಂಡು, "ಎಡಗಡೆ ಏನಿಲ್ಲ" ಎಂದರು.

ಹಿಂದಿನ ರಸ್ತೆ ನೋಡುವ ನೆಪದಲ್ಲಿ ಕನ್ನಡಿಯನ್ನು ನನ್ನ ಕಡೆ ತಿರುಗಿಸಿ ಒಮ್ಮೆ ನೋಡಿಕೊಂಡೆ. ಕುಂಕುಮ ಸ್ವಲ್ಪ ಸೊಟ್ಟಗಿತ್ತು. ಹಾಗೇ ಇರಲಿ ಎಂದು ಕೋಲನ್ನು ಡಿಗೆ ಎಳೆದೆ.